ಪ್ರತಿಕ್ರಿಯೆ: ಮೈಕ್ರೋಆರ್‌ಎನ್‌ಎ-21 ಅಂಕಿ ಏರುಪೇರು

ನೀವು ಕೇಳಿದ ಏರುಪೇರಿಗೆ ಕಾರಣ, ದಾರಿಯಲ್ಲಿ ಕೆಂಪು ರಕ್ತಕಣ ಒಡೆದಿರಬೇಕು. ಅಂಡಾಶಯ ಕ್ಯಾನ್ಸರ್ ರೋಗಿಗಳ ರಕ್ತ ಕಾರವಾರದಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋದಾಗಲೆಲ್ಲ ಮೈಕ್ರೋಆರ್‌ಎನ್‌ಎ-21 (ಗೆಡ್ಡೆಯ ಸುಳಿವು ಕೊಡುವ ಚಿಕ್ಕ ಆರ್‌ಎನ್‌ಎ ತುಣುಕು) ಅಂಕಿ ಕೆಡುತ್ತಿದೆ ಅಂದಿರಲ್ಲ, ನಮಗೂ ಹೀಗೇ ಆಗಿತ್ತು. ಕಣ ಒಡೆದರೆ ಅದರೊಳಗಿನ ಆರ್‌ಎನ್‌ಎ ಪ್ಲಾಸ್ಮಾಕ್ಕೆ (ರಕ್ತದ ದ್ರವ ಭಾಗಕ್ಕೆ) ಸೇರಿ ಗೆಡ್ಡೆಯ ಸುಳಿವನ್ನೇ ಮುಚ್ಚಿಬಿಡುತ್ತದೆ.

ಮೊದಲು ಉಳಿದ ಪ್ಲಾಸ್ಮಾ 414 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ನೋಡಿ, ಒಡೆದ ಕಣದ ಹಿಮೋಗ್ಲೋಬಿನ್ ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಮೈಕ್ರೋಆರ್‌ಎನ್‌ಎ-23ಎಯ ಸಿಟಿ ಅಂಕಿಯಿಂದ (ಆರ್‌ಎನ್‌ಎ ಅಳೆಯುವ ಪಿಸಿಆರ್ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳಲು ಬೇಕಾದ ಸುತ್ತುಗಳ ಲೆಕ್ಕ) ಕೆಂಪುಕಣದಲ್ಲಿ ತುಂಬಿರುವ 451ಎಯ ಅಂಕಿ ಕಳೆಯಿರಿ. 7ಕ್ಕಿಂತ ಜಾಸ್ತಿ ಬಂದರೆ ಆ ಸ್ಯಾಂಪಲ್ ಬಿಡಿ. ನೋವಿನಲ್ಲೂ ಯಾರೋ ಕೊಟ್ಟ ರಕ್ತ, ಬಿಡಲು ಮನಸ್ಸಾಗುವುದಿಲ್ಲ, ಆದರೂ ಬಿಡಿ. 5ರಿಂದ 7ರ ನಡುವಿನದು ಅನುಮಾನವೇ. ಹೋಲಿಕೆಗೆ ಮೈಕ್ರೋಆರ್‌ಎನ್‌ಎ-16 ಬೇಡ, ಕೆಂಪುಕಣದಲ್ಲಿ ಅದೂ ತುಂಬಿರುತ್ತದೆ.

ಇನ್ನು ಮುಂದೆ ರಕ್ತವನ್ನು ಇಡಿಟಿಎ (ಹೆಪ್ಪು ತಡೆಯುವ ರಾಸಾಯನಿಕ) ಟ್ಯೂಬಿನಲ್ಲೇ ತೆಗೆಯಿರಿ. ಹೆಪಾರಿನ್ ಕೂಡ ಹೆಪ್ಪು ತಡೆಯುತ್ತದೆ, ಆದರೆ ಪಿಸಿಆರ್ ಕೆಡಿಸುತ್ತದೆ. ಕಾರವಾರದಲ್ಲೇ ಒಂದೆರಡು ಗಂಟೆಯೊಳಗೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಕಣ ಬೇರ್ಪಡಿಸಿ), ಪ್ಲಾಸ್ಮಾ ಮಾತ್ರ ಫ್ರೀಜ್ ಮಾಡಿ ಡ್ರೈ ಐಸಿನಲ್ಲಿ ಕಳಿಸಿ.