ಅಮ್ಮನನ್ನು ನೋಡಿಕೊಳ್ಳುವವರಿಗೆ ಮೊದಲು ಅಮ್ಮನ ಪರಿಚಯ ಮಾಡಿಕೊಡಿ

ನಮಸ್ಕಾರ. ಬ್ರಿಟನ್ನಿನ ಲೀಡ್ಸ್‌ಗೆ ಬಂದು ಮೂರು ತಿಂಗಳಾಯಿತು, ಇಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ. ರಾಜಾಜಿನಗರದಲ್ಲಿರುವ ಅಮ್ಮನಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಅಂತ ಗೊತ್ತಾಗಿದೆ, ಅಪ್ಪ ಒಬ್ಬರ ಕೈಲಿ ಆಗುತ್ತಿಲ್ಲ, ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳಲಾ, ಹೋಮ್ ನರ್ಸ್ ಇಡಲಾ ಅಂತಲೂ ಬರೆದಿದ್ದೀರಿ. ಚಳಿ, ಬಾಡಿಗೆ ಮನೆ, ಬ್ಯಾಂಕ್ ಖಾತೆ ಎಲ್ಲ ಒಂದು ವರ್ಷದಲ್ಲಿ ರೂಢಿಯಾಗುತ್ತದೆ. ಅಮ್ಮನ ವಿಷಯ ಮಾತ್ರ ಕಾಯುವುದಿಲ್ಲ. ನಾನು ಈ ದೇಶಕ್ಕೆ ಬಂದು 17 ವರ್ಷ. ಹನುಮಂತನಗರದಲ್ಲಿರುವ ನನ್ನ ಅಮ್ಮನಿಗೂ ಇದೇ ಕಾಯಿಲೆ, ಇದು ಆರನೇ ವರ್ಷ.

ಕರೆಸಿಕೊಳ್ಳುವ ಆಸೆ ನನಗೂ ಇತ್ತು. 2012ರಲ್ಲಿ ಬ್ರಿಟನ್ ನಿಯಮ ಬಿಗಿ ಮಾಡಿದ ಮೇಲೆ ಅದು ತುಂಬ ಕಷ್ಟ. ಬೇಕಾದ ಆರೈಕೆ ದುಡ್ಡು ಕೊಟ್ಟರೂ ಊರಲ್ಲಿ ಸಿಗುವುದಿಲ್ಲ ಅಂತ ತೋರಿಸಬೇಕು. ಬೆಂಗಳೂರಿನವರು ಹಾಗೆ ತೋರಿಸುವುದು ಹೇಗೆ ಹೇಳಿ. ಕೆಲಸದ ವೀಸಾದಲ್ಲಿ ಬಂದ ನಿಮಗಂತೂ ಸದ್ಯಕ್ಕೆ ಆ ದಾರಿಯೇ ಇಲ್ಲ. ಅದರ ಕೊರಗು ಇಟ್ಟುಕೊಳ್ಳಬೇಡಿ. ಈ ಕಾಯಿಲೆಯವರಿಗೆ ಗೊತ್ತಿರುವ ಮನೆ, ಗೊತ್ತಿರುವ ಅಡುಗೆಮನೆ, ಗೊತ್ತಿರುವ ಬೀದಿಯೇ ಆಸರೆ.

ನಿಮ್ಹಾನ್ಸ್‌ನಲ್ಲೋ ಬೇರೆ ನರರೋಗ ತಜ್ಞರ ಹತ್ತಿರವೋ ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಆಗಿದೆಯಾ ನೋಡಿ. ಅವು ಏರುಪೇರಾದರೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ.

ಇನ್ನು ಹೋಮ್ ನರ್ಸ್. ನಮ್ಮೂರಲ್ಲಿ ಏಜೆನ್ಸಿಯಿಂದ ಬರುವ ಎಲ್ಲರನ್ನೂ ಹಾಗೇ ಕರೆಯುತ್ತೇವೆ, ಅಲ್ವಾ? ನರ್ಸಿಂಗ್ ಓದಿದವರು ಬೇಕಾಗುವುದು ಇಂಜೆಕ್ಷನ್, ಮೂಗಿನ ಟ್ಯೂಬ್, ಗಾಯದ ಡ್ರೆಸಿಂಗ್ ಇದ್ದಾಗ. ಸ್ನಾನ, ಊಟ, ವಾಕಿಂಗ್ ನೋಡಿಕೊಳ್ಳುವವರು ಅಟೆಂಡರ್‌ಗಳು. ನಿಮ್ಮ ಅಮ್ಮನಿಗೆ ಈಗ ಬೇಕಿರುವುದು ಡಿಮೆನ್ಷಿಯಾ ಇರುವವರನ್ನು ಮೊದಲೇ ನೋಡಿಕೊಂಡು ಗೊತ್ತಿರುವ, ಕನ್ನಡ ಬರುವ ಅಟೆಂಡರ್. ಈ ಎರಡನ್ನು ಮಾತ್ರ ಬಿಟ್ಟುಕೊಡಬೇಡಿ.

ನಾನು ಬಿಟ್ಟುಕೊಟ್ಟಿದ್ದೆ. ಮೊದಲ ಏಜೆನ್ಸಿ ಮೂರು ತಿಂಗಳಲ್ಲಿ ಐದು ಜನರನ್ನು ಬದಲಾಯಿಸಿತು. ಮನೆಯ ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದ್ದೆ. ಒಂದು ದಿನ ಇಲ್ಲಿ ಬೆಳಗಿನ ಜಾವ ಎದ್ದು ನೋಡಿದರೆ ಅಮ್ಮ ಬಚ್ಚಲಮನೆ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾರೆ. ಆ ಹುಡುಗಿ ಹಿಂದಿಯಲ್ಲಿ ಕರೆಯುತ್ತಿದ್ದಾಳೆ, ಅಮ್ಮ ಅಳುತ್ತಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು, ಹಿಂದಿಯೂ ಬರುತ್ತಿತ್ತು. ಆದರೆ ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಸಾಮಾನ್ಯವಾಗಿ ಮೊದಲು ಹೋಗುತ್ತದೆ. ಆ ಹುಡುಗಿಯದೇನೂ ತಪ್ಪಿರಲಿಲ್ಲ. ಅವಳಿಗೆ ಅಮ್ಮ ಯಾರು ಅಂತ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅವತ್ತು ಆಫೀಸಿಗೆ ರಜಾ ಹಾಕಿ ಕೂತು ಎರಡು ಪುಟ ಬರೆದೆ. ಅಮ್ಮ ಹುಟ್ಟಿದ್ದು ತಿಪಟೂರಿನ ಹತ್ತಿರ. ಕಾಫಿ ಸ್ಟೀಲ್ ಲೋಟದಲ್ಲಿ ಕೊಟ್ಟರೆ ಮಾತ್ರ ಕುಡಿಯುತ್ತಾರೆ. 'ಟೀಚರ್' ಅಂದರೆ ತಿರುಗಿ ನೋಡುತ್ತಾರೆ, 'ಅಜ್ಜಿ' ಅಂದರೆ ಸಿಟ್ಟು. ಸ್ನಾನಕ್ಕೆ ಶವರ್ ಬೇಡವೇ ಬೇಡ, ತಲೆ ಮೇಲೆ ಇದ್ದಕ್ಕಿದ್ದಂತೆ ನೀರು ಬಿದ್ದರೆ ಹೆದರುತ್ತಾರೆ. ಬಕೆಟ್, ಚೊಂಬು, ಕೂರಲು ಸ್ಟೂಲ್ ಇರಲಿ. ಮೊದಲು ಕಾಲಿಗೆ ನೀರು, ತಲೆಗೆ ಕೊನೆಯಲ್ಲಿ. ಬಿಸಿ ಎಷ್ಟಿದೆ ಅಂತ ಅವರ ಕೈಯಿಂದಲೇ ಮುಟ್ಟಿ ನೋಡಿಸಿ.

ಆರನೆಯವರಾಗಿ ಬಂದದ್ದು ಹಾವೇರಿ ಕಡೆಯ ಹೆಣ್ಣುಮಗಳು. ಆ ಎರಡು ಪುಟ ಓದಿಕೊಂಡೇ ಕೆಲಸ ಶುರು ಮಾಡಿದರು. ಈಗಲೂ ಅವರೇ ಇದ್ದಾರೆ.

ಸಂಜೆ ಹೊತ್ತು ಜಾಸ್ತಿ ಕಷ್ಟ. ಬೆಳಕು ಇಳಿಯುವಾಗ ಈ ಕಾಯಿಲೆಯವರಿಗೆ ಗಲಿಬಿಲಿ ಹೆಚ್ಚುತ್ತದೆ. ಐದೂವರೆ ಆಯಿತೆಂದರೆ ಅಮ್ಮ ಬ್ಯಾಗು ಹಿಡಿದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು, "ಮನೆಗೆ ಹೋಗಬೇಕು" ಅಂತ. "ಇದೇ ನಿಮ್ಮನೆ" ಅಂದಷ್ಟೂ ರೇಗುತ್ತಿದ್ದರು. ನಾನು ಫೋನಿನಲ್ಲಿ ಎಷ್ಟು ಸಲ ವಾದ ಮಾಡಿದ್ದೆನೋ. ಹಾವೇರಿಯ ಆಕೆ ವಾದ ಮಾಡಲಿಲ್ಲ. ಅವರೆಕಾಯಿ ಕಾಲ ಅದು. ನೆನೆಸಿದ ಕಾಳಿನ ಬಟ್ಟಲು ತಂದು ಮೆಟ್ಟಿಲ ಮೇಲೆ ಇಟ್ಟು, "ಹೋಗೂಣ್ರಿ ಟೀಚರ್, ಇಷ್ಟು ಕಾಳು ಹಿಸುಕಿ ಹೋಗೂಣು" ಅಂದರು. ಅಮ್ಮ ಬ್ಯಾಗು ಕೆಳಗಿಟ್ಟು ಕೂತರು. ನನ್ನ ಹೆಸರು ಮರೆತ ಅಮ್ಮನ ಬೆರಳುಗಳು ಒಂದೊಂದೇ ಕಾಳು ಹಿಡಿದು ಹಿಚುಕುವುದನ್ನು ನಾನು ವೀಡಿಯೋ ಕಾಲ್‌ನಲ್ಲಿ ನೋಡಿದೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ, ಒಂದೂ ತಪ್ಪಲಿಲ್ಲ. ಕೈ ಕಲಿತದ್ದು ಬಹಳ ದಿನ ಉಳಿಯುತ್ತದೆ. ಅವರೆಕಾಯಿ ಇಲ್ಲದ ಕಾಲದಲ್ಲಿ ಬತ್ತಿ ಹೊಸೆಯುತ್ತಾರೆ, ಟವೆಲ್ ಮಡಚುತ್ತಾರೆ.

ಚಳಿಗಾಲದಲ್ಲಿ ಅಲ್ಲಿಯ ಐದೂವರೆ ಅಂದರೆ ಇಲ್ಲಿಯ ಮಧ್ಯಾಹ್ನ 12. ಬೇಸಿಗೆಯಲ್ಲಿ 1 ಗಂಟೆ. ನಿಮ್ಮ ಊಟದ ಬಿಡುವನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ. ನನ್ನ ಫೋನ್ ಬಂದರೆ ಆಕೆಗೂ ಹತ್ತು ನಿಮಿಷ ಟೀ ಕುಡಿಯಲು ಸಿಗುತ್ತದೆ.

ನೋಡಿಕೊಳ್ಳುವವರನ್ನೂ ನಾವು ನೋಡಿಕೊಳ್ಳಬೇಕು. 24 ಗಂಟೆಗೆ ಒಬ್ಬರನ್ನೇ ಇಟ್ಟು, ರಾತ್ರಿ ಅಮ್ಮ ನಾಲ್ಕು ಸಲ ಎದ್ದರೆ ಅವರು ಮಲಗುವುದು ಯಾವಾಗ? ಆಗುವುದಾದರೆ 12 ಗಂಟೆಯ ಎರಡು ಶಿಫ್ಟ್ ಮಾಡಿ. ವಾರದ ರಜೆ ಕೊಡಿ, ಮಲಗಲು ಸರಿಯಾದ ಜಾಗ ಕೊಡಿ. ಏಜೆನ್ಸಿಗೆ ಕೊಡುವ ದುಡ್ಡಲ್ಲಿ ಅವರ ಕೈಗೆ ಎಷ್ಟು ಹೋಗುತ್ತದೆ ಅಂತ ಸಂಕೋಚವಿಲ್ಲದೆ ಕೇಳಿ. ಅಪ್ಪನಿಗೂ ಬಿಡುವು ಬೇಕು. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಡಿಮೆನ್ಷಿಯಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567ನ್ನು ಅಪ್ಪನ ಫೋನಿನಲ್ಲಿ ಹಾಕಿಡಿ.

ಒಂದು ಕೆಲಸ ಮಾತ್ರ ಈ ತಿಂಗಳೇ ಆಗಬೇಕು. ಪವರ್ ಆಫ್ ಅಟಾರ್ನಿ ಅಂದರೆ ನಮ್ಮ ಪರವಾಗಿ ವ್ಯವಹಾರ ನೋಡಿಕೊಳ್ಳಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ. ಇಲ್ಲಿಯ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ, ಕೊಟ್ಟವರಿಗೆ ತಿಳಿವು ಹೋದ ಮೇಲೂ ನಡೆಯುತ್ತದೆ. ನಮ್ಮಲ್ಲಿ ಹಾಗಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಪವರ್ ಆಫ್ ಅಟಾರ್ನಿಯೂ ಮುಗಿಯಿತು. ಆಮೇಲೆ ಕೋರ್ಟಿಗೇ ಹೋಗಬೇಕಾಗಬಹುದು. ಅಮ್ಮನಿಗೆ ಇನ್ನೂ ಅರ್ಥವಾಗುತ್ತಿರುವಾಗಲೇ, ಅವರನ್ನೇ ಕೇಳಿ, ವಕೀಲರ ಹತ್ತಿರ ಕೂತು ವಿಲ್, ಜಂಟಿ ಖಾತೆ, ನಾಮಿನಿ ಎಲ್ಲ ಸರಿಮಾಡಿಕೊಳ್ಳಿ.

ಈ ಶನಿವಾರ ಅಪ್ಪನಿಗೆ ಫೋನ್ ಮಾಡಿ, ಅಮ್ಮನ ಬಗ್ಗೆ ನಿಮಗೆ ಗೊತ್ತಿಲ್ಲದ್ದನ್ನೆಲ್ಲ ಕೇಳಿ ಬರೆದುಕೊಳ್ಳಿ. ಆ ಎರಡು ಪುಟ ನನಗೂ ಕಳಿಸಿ. ಏನು ಬಿಟ್ಟುಹೋಗಿದೆ ಅಂತ ಇಬ್ಬರೂ ಸೇರಿ ನೋಡೋಣ.