ಒಂದೇ ಕ್ಲಾಸಿಗೆ ಎರಡು ಎಲ್‌ಕಾಮ್ ಏಕೆ?

ಪ್ರಶ್ನೆ: ನಮ್ಮ ಜಾವಾ ಕೋಡಿನ ‘ಬಿಲ್’ ಕ್ಲಾಸಿನಲ್ಲಿ ಯೂನಿಟ್, ದರ, ಮೊಬೈಲ್ ಎಂಬ ಮೂರು ಫೀಲ್ಡ್‌ಗಳಿವೆ (ಮಾಹಿತಿ ಇಡುವ ಜಾಗಗಳು). ಮೆಥಡ್ (ಒಂದೊಂದು ಕೆಲಸ ಮಾಡುವ ಕೋಡ್ ತುಂಡು) ನಾಲ್ಕು: ಮೊತ್ತದ ಲೆಕ್ಕ (ಯೂನಿಟ್, ದರ), ಯೂನಿಟ್ ತಿದ್ದುವುದು, ಎಸ್‌ಎಂಎಸ್ ಕಳಿಸುವುದು, ಮೊಬೈಲ್ ಬದಲಿಸುವುದು. ಒಂದು ಟೂಲ್ ಇದರ ಎಲ್‌ಕಾಮ್ (LCOM, ಕ್ಲಾಸಿನ ಮೆಥಡ್‌ಗಳ ನಡುವೆ ಒಗ್ಗಟ್ಟು ಎಷ್ಟು ಕಡಿಮೆ ಎಂಬ ಅಳತೆ) 2 ಎನ್ನುತ್ತದೆ, ಇನ್ನೊಂದು 0.78. ಲಾಗರ್ (ನಡೆದದ್ದನ್ನು ದಾಖಲಿಸಲು ಬಳಸುವ ಫೀಲ್ಡ್) ಸೇರಿಸಿದ ಮೇಲೆ ಮೊದಲನೆಯದು 0 ತೋರಿಸುತ್ತಿದೆ! ಯಾವುದನ್ನು ನಂಬಬೇಕು?

ಉತ್ತರ: ಎರಡೂ ಸರಿ, ಸೂತ್ರ ಬೇರೆ ಬೇರೆ. ಎಲ್‌ಕಾಮ್ ಅಳೆಯುವುದು ಒಗ್ಗಟ್ಟಿನ ಕೊರತೆಯನ್ನು. ಅಂಕಿ ಏರಿದಷ್ಟೂ ಕೆಟ್ಟದ್ದು.

ಚಿದಂಬರ್ ಮತ್ತು ಕೆಮೆರರ್ 1994ರಲ್ಲಿ ಕೊಟ್ಟ ಸೂತ್ರ ಮೆಥಡ್‌ಗಳನ್ನು ಜೋಡಿ ಮಾಡುತ್ತದೆ. ನಿಮ್ಮಲ್ಲಿ 6 ಜೋಡಿ. ಫೀಲ್ಡ್ ಹಂಚಿಕೊಂಡವು 2, ಹಂಚಿಕೊಳ್ಳದವು 4. ಕಳೆದರೆ 2. ವ್ಯತ್ಯಾಸ ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ ಎಂದೇ ಬರೆದುಕೊಳ್ಳುತ್ತದೆ. ಹಾಗಾಗಿ ಈ ಸೊನ್ನೆಯನ್ನು ಕಂಡು ಹಿಗ್ಗಬೇಡಿ.

ಹೆಂಡರ್ಸನ್-ಸೆಲ್ಲರ್ಸ್ ಸೂತ್ರದಲ್ಲಿ ಪ್ರತಿ ಫೀಲ್ಡನ್ನು ಎಷ್ಟು ಮೆಥಡ್ ಮುಟ್ಟುತ್ತವೆ ಎಂಬುದರ ಸರಾಸರಿ ಬೇಕು. ನಿಮಗೆ 2, 1, 2, ಸರಾಸರಿ 5/3. ಅದರಿಂದ ಮೆಥಡ್ ಸಂಖ್ಯೆ 4 ಕಳೆದು, (1−4) ರಿಂದ ಭಾಗಿಸಿದರೆ 7/9, ಅಂದರೆ 0.78.

ಲಾಗರ್ ಫೀಲ್ಡನ್ನು ನಾಲ್ಕೂ ಮೆಥಡ್ ಮುಟ್ಟುವುದರಿಂದ ಆರೂ ಜೋಡಿ ‘ಸಂಬಂಧಿಕರು’ ಆಗಿಬಿಟ್ಟವು. ಕೋಡ್ ಸುಧಾರಿಸಿದ್ದೇನೂ ಅಲ್ಲ. ಎರಡನೆಯ ಟೂಲೂ ಈಗ 0.58ಕ್ಕೆ ಇಳಿದಿರಬೇಕು, ನೋಡಿ. ಕನ್‌ಸ್ಟ್ರಕ್ಟರ್ (ಫೀಲ್ಡ್‌ಗಳಿಗೆ ಆರಂಭದ ಬೆಲೆ ತುಂಬುವ ಕೋಡ್) ಮತ್ತು ಟು-ಸ್ಟ್ರಿಂಗ್ (ಅವುಗಳನ್ನು ಪಠ್ಯವಾಗಿ ತೋರಿಸುವ ಮೆಥಡ್) ಕೂಡ ಎಲ್ಲ ಫೀಲ್ಡ್‌ಗಳನ್ನೂ ಮುಟ್ಟಿ ಇದೇ ಮೋಸ ಮಾಡುತ್ತವೆ. ಅಳೆಯುವ ಮುನ್ನ ಮೂರನ್ನೂ ಲೆಕ್ಕದಿಂದ ಹೊರಗಿಡಿ.

ಕ್ಲಾಸ್ ಒಡೆಯಬೇಕೇ ಎಂಬ ಪ್ರಶ್ನೆಗೆ ನಮ್ಮ ಮಟ್ಟಿಗೆ ಎಲ್‌ಕಾಮ್‌ನ ಇನ್ನೊಂದು ಬಗೆಯಾದ ಎಲ್‌ಕಾಮ್4 ಒಂದೇ ನೇರ ಉತ್ತರ ಕೊಡುತ್ತದೆ. ಹಾಳೆಯ ಮೇಲೆ ಮೆಥಡ್‌ಗಳನ್ನು ಚುಕ್ಕಿಯಾಗಿ ಇಡಿ. ಒಂದೇ ಫೀಲ್ಡ್ ಬಳಸಿದರೆ, ಅಥವಾ ಒಂದು ಇನ್ನೊಂದನ್ನು ಕರೆದರೆ, ಗೆರೆ ಎಳೆಯಿರಿ. ಬಿಡಿಬಿಡಿಯಾಗಿ ಉಳಿದ ಗುಂಪುಗಳೇ ಅಂಕಿ. ನಿಮ್ಮದು 2: ಲೆಕ್ಕದ್ದೊಂದು, ಮೊಬೈಲಿನದೊಂದು. ಮೊಬೈಲ್ ಫೀಲ್ಡನ್ನೂ ಅದರ ಎರಡು ಮೆಥಡ್‌ಗಳನ್ನೂ ಬೇರೆ ಕ್ಲಾಸಿಗೆ ಸಾಗಿಸಿ.

ಪ್ರಶ್ನೆ: ಬರೀ ಗೆಟರ್‌ಗಳಿರುವ (ಒಂದು ಫೀಲ್ಡಿನ ಬೆಲೆಯನ್ನು ಹೇಳುವ ಮೆಥಡ್‌ಗಳು), 5 ಫೀಲ್ಡ್‌ಗಳ ಕ್ಲಾಸಿಗೆ ಎಲ್‌ಕಾಮ್4 5 ಬಂದಿದೆ. ಒಡೆಯಲೇ?

ಉತ್ತರ: ಬೇಡ. ಪ್ರತಿ ಗೆಟರ್ ತನ್ನ ಫೀಲ್ಡನ್ನಷ್ಟೇ ಮುಟ್ಟುತ್ತದೆ, ಹಾಗಾಗಿ 5 ಬರಲೇಬೇಕು. ಡೇಟಾ ಹೊರುವ ಕ್ಲಾಸುಗಳಿಗೆ ಈ ಅಳತೆ ಹೊಂದುವುದಿಲ್ಲ.