ಓದುಗರ ಪ್ರಶ್ನೆ: ಕಡಲಾಮೆಯನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು?

ಪ್ರಶ್ನೆ: ಪ್ರಾಣಿಶಾಸ್ತ್ರದ ಪ್ರಾಜೆಕ್ಟಿಗೆಂದು ಹೊನ್ನಾವರದ ಕಡೆ ಹೋಗಿ, ಮೊಟ್ಟೆ ಇಡಲು ಬರುವ ಕಡಲಾಮೆಗಳ ಉದ್ದ ಅಳೆಯುವ ಯೋಚನೆ ಇದೆ. ಟೇಲರ್ ಅಂಗಡಿಯ ಟೇಪು ಸಾಕೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಟೇಪಿಗಿಂತ ಮೊದಲು ಅನುಮತಿ. ನಮ್ಮ ಕಡಲಲ್ಲಿ ಕಾಣುವ ಐದೂ ಜಾತಿಯ ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿವೆ. ಅಧ್ಯಯನಕ್ಕೆಂದು ಮುಟ್ಟುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಕಾಲೇಜಿನ ಪತ್ರವೊಂದನ್ನೇ ಹಿಡಿದು ಹೊರಡಬೇಡಿ.

ಟೇಲರ್ ಟೇಪು ಬೇಡ. ಒದ್ದೆಯಾಗಿ, ಎಳೆದೆಳೆದು ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಟೇಪು ತೆಗೆದುಕೊಳ್ಳಿ, ಅದನ್ನೂ ಆಗಾಗ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ತಾಳೆ ನೋಡಿ. ತುದಿಯಲ್ಲಿ ಲೋಹದ ಬಳೆ ಇದ್ದರೆ ಸೊನ್ನೆ ಎಲ್ಲಿಂದ ಶುರುವಾಗುತ್ತದೆಂದು ಮೊದಲೇ ನೋಡಿಕೊಳ್ಳಿ. ಕೆಲವು ಟೇಪುಗಳಲ್ಲಿ ಬಳೆಯ ಹೊರ ಅಂಚೇ ಸೊನ್ನೆ, ಕೆಲವದರಲ್ಲಿ ಅಲ್ಲ. ಕತ್ತಲಲ್ಲಿ ಇದು ತಲೆಗೆ ಹೊಳೆಯುವುದಿಲ್ಲ.

ಚಿಪ್ಪಿನ ಮೇಲೆ ಹೆಂಚಿನಂತೆ ಜೋಡಿಸಿದ ತುಂಡುಗಳೇ ಬಿಲ್ಲೆಗಳು. ಅಳತೆ ಶುರುವಾಗುವುದು ಕುತ್ತಿಗೆಯ ಹಿಂದಿನ ನಡು ಬಿಲ್ಲೆಯ ಮುಂದಂಚಿನಿಂದ, ಅಂದರೆ ಚರ್ಮ ಮತ್ತು ಚಿಪ್ಪು ಕೂಡುವ ಜಾಗದಿಂದ. ಅಲ್ಲಿಂದ ಬೆನ್ನಿನ ನಟ್ಟನಡುವೆ ಟೇಪು ಬಿಗಿಯಾಗಿ ಹಾಯಬೇಕು. ಗೊಂದಲ ಇರುವುದು ಹಿಂದಿನ ತುದಿಯಲ್ಲಿ. ಬಾಲದ ಮೇಲೆ ಜೋಡಿ ಬಿಲ್ಲೆಗಳಿರುತ್ತವೆ. ಅವೆರಡರ ನಡುವಿನ ಕಚ್ಚಿನಲ್ಲಿ ನಿಲ್ಲಿಸಿದರೆ ಒಂದು ಲೆಕ್ಕ, ಉದ್ದನೆಯ ಬಿಲ್ಲೆಯ ತುದಿವರೆಗೆ ಎಳೆದರೆ ಇನ್ನೊಂದು. ಎರಡೂ ಒಪ್ಪಿತ ಪದ್ಧತಿಗಳೇ. ಆದರೆ ಒಂದನ್ನೇ ಹಿಡಿದು, ಯಾವುದೆಂದು ಪ್ರತಿ ಹಾಳೆಯ ತಲೆಗೆ ಬರೆಯಿರಿ. ಇಕ್ಕಳದಂಥ ದೊಡ್ಡ ಕ್ಯಾಲಿಪರ್‌ನಲ್ಲಿ ತೆಗೆದ ನೇರ ಉದ್ದವನ್ನಂತೂ ಟೇಪಿನ ಬಾಗು ಉದ್ದದ ಜೊತೆ ಒಂದೇ ಕಾಲಂನಲ್ಲಿ ಸೇರಿಸಲೇಬೇಡಿ, ಅದು ಯಾವಾಗಲೂ ಕಡಿಮೆಯೇ ಬರುತ್ತದೆ.

ಅಗಲಕ್ಕೆ ಗೊತ್ತಾದ ಗುರುತಿಲ್ಲ. ಟೇಪನ್ನು ಹಿಂದೆ ಮುಂದೆ ಸರಿಸಿ, ಎಲ್ಲಿ ಹೆಚ್ಚು ಬರುತ್ತದೋ ಅದನ್ನು ಬರೆದುಕೊಳ್ಳುವುದು.

ಚಿಪ್ಪಿನ ಮೇಲಿನ ಮರಳನ್ನು ಕೈಯಿಂದ ಸವರಿ ತೆಗೆಯಿರಿ. ಬಾರ್ನಕಲ್‌ಗಳು, ಅಂದರೆ ಸುಣ್ಣದ ಗೂಡು ಕಟ್ಟಿಕೊಂಡು ಅಂಟಿರುವ ಜೀವಿಗಳು, ಟೇಪಿನ ದಾರಿಯಲ್ಲಿದ್ದರೆ ಟೇಪು ಅವುಗಳ ಮೇಲೆ ಏರಿ ಉದ್ದ ಹೆಚ್ಚು ತೋರಿಸುತ್ತದೆ. ಚಾಕು ಹಾಕಿ ಕೀಳಬೇಡಿ, ಬಿಲ್ಲೆ ಸೀಳೀತು. ‘ಬಾರ್ನಕಲ್ ಇದೆ’ ಎಂದು ಬರೆದು, ಆ ಅಳತೆಯನ್ನು ಸರಾಸರಿಯಿಂದ ಬಿಡಿ. ಹಿಂದಿನ ಅಂಚು ಮುರಿದ ಆಮೆಗೂ ಇದೇ ನಿಯಮ. ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲಿ ಎಂಬ ಜಾತಿಯ ಕಡಲಾಮೆಯ ಬಾಗು ಉದ್ದ ಸಾಮಾನ್ಯವಾಗಿ 60ರಿಂದ 75 ಸೆಂ.ಮೀ. ಒಳಗಿರುತ್ತದೆ. 95 ಎಂದು ಬರೆದಿದ್ದರೆ ಬರೆದವರನ್ನೇ ಕೇಳಿ.

ಪ್ರಶ್ನೆ: ಮೊಟ್ಟೆ ಇಡುವಾಗ ಹತ್ತಿರ ಹೋದರೆ ಆಮೆ ಬೆದರುವುದಿಲ್ಲವೇ?
– ಓದುಗರು, ಬಳ್ಳಾರಿ

ಉತ್ತರ: ಮರಳು ಹತ್ತುವಾಗ, ಗುಂಡಿ ತೋಡುವಾಗ ಹೋದರೆ ಖಂಡಿತ ಬೆದರುತ್ತದೆ, ಮೊಟ್ಟೆ ಇಡದೆಯೇ ನೀರಿಗೆ ತಿರುಗಿಬಿಡಬಹುದು. ಮೊಟ್ಟೆಗಳೆಲ್ಲ ಬೀಳುವವರೆಗೆ ದೂರದಲ್ಲಿ, ಅದರ ಹಿಂದುಗಡೆ ಕೂತಿರಿ. ಮಂದ ಕೆಂಪು ಬೆಳಕಿನ ಟಾರ್ಚ್ ಸಾಕು. ಬಿಳಿ ಬೆಳಕು, ಫ್ಲ್ಯಾಶ್ ಬೇಡವೇ ಬೇಡ. ರಿಡ್ಲಿ ಗುಂಡಿ ಮುಚ್ಚುವಾಗ ಮೈಯನ್ನು ಎತ್ತೆತ್ತಿ ಕುಕ್ಕಿ ಮರಳು ಗಟ್ಟಿ ಮಾಡುತ್ತದೆ. ಆಗ ಟೇಪು ನಿಲ್ಲುವುದಿಲ್ಲ, ಬಿಡುವು ಕೊಟ್ಟಾಗ ಅಳೆಯಿರಿ. ಒಬ್ಬರು ಅಳೆಯಲಿ, ಇನ್ನೊಬ್ಬರು ಬರೆದು ಸಂಖ್ಯೆಯನ್ನು ಮೆಲ್ಲಗೆ ತಿರುಗಿ ಹೇಳಲಿ. ಮೂರು ಸಲ ಅಳೆಯುವಾಗ ಪ್ರತಿ ಸಲವೂ ಟೇಪು ಪೂರ್ತಿ ಎತ್ತಿ ಮತ್ತೆ ಇಡಬೇಕು. ಕಡಲಿಗೆ ಹೊರಟಿತೋ, ಮುಗಿಯಿತು, ಅಡ್ಡ ನಿಲ್ಲಬೇಡಿ.

ಪ್ರಶ್ನೆ: ಒಂದು ತೀರಕ್ಕೆ ಬರುವ ಆಮೆಗಳ ಸರಾಸರಿ ಗಾತ್ರ ವರ್ಷ ವರ್ಷಕ್ಕೆ ಇಳಿಯುತ್ತಿದ್ದರೆ ಅದು ಅಪಾಯದ ಸೂಚನೆಯೇ?
– ವಿಜ್ಞಾನ ಶಿಕ್ಷಕರು, ಸಿಂಧನೂರು

ಉತ್ತರ: ಎರಡೂ ಆಗಬಹುದು. ಮೊದಲ ಸಲ ಮೊಟ್ಟೆ ಇಡುವ ಹೆಣ್ಣುಗಳು ಸಾಮಾನ್ಯವಾಗಿ ಹಳಬರಿಗಿಂತ ಚಿಕ್ಕವು. ಹಿಂದೆ ಮಾಡಿದ ಸಂರಕ್ಷಣೆ ಫಲ ಕೊಟ್ಟು ಹೊಸಬರು ಹೆಚ್ಚು ಬಂದರೆ ಸರಾಸರಿ ಇಳಿಯುತ್ತದೆ, ಅದು ಸಂತೋಷದ ಸುದ್ದಿ. ಟ್ರಾಲರ್ ಬಲೆಗೆ ಸಿಕ್ಕಿ ದೊಡ್ಡವು ಸತ್ತರೂ, ಮೇವು ಕಡಿಮೆಯಾಗಿ ಬೆಳವಣಿಗೆ ಕುಗ್ಗಿದರೂ ಸರಾಸರಿ ಇಳಿಯುತ್ತದೆ. ಬರೀ ಸರಾಸರಿ ನೋಡಿ ತೀರ್ಪು ಕೊಡುವವರನ್ನು ನಂಬಬೇಡಿ. ಒಟ್ಟು ಗೂಡುಗಳು ಏರುತ್ತಿವೆಯೇ, ಟ್ಯಾಗ್ (ಗುರುತಿಗೆಂದು ಆಮೆಗೆ ಹಾಕುವ ಸಂಖ್ಯೆಯ ಪಟ್ಟಿ) ಇಲ್ಲದ ಹೊಸ ಆಮೆಗಳ ಪಾಲು ಎಷ್ಟು, ದೊಡ್ಡವುಗಳ ಸಂಖ್ಯೆಯೇ ಕುಸಿದಿದೆಯೇ ಎಂದು ನೋಡಬೇಕು. ದೊಡ್ಡ ಹೆಣ್ಣು ಸಾಮಾನ್ಯವಾಗಿ ಒಂದು ಗೂಡಿಗೆ ಹೆಚ್ಚು ಮೊಟ್ಟೆ ಇಡುವುದರಿಂದ, ದೊಡ್ಡವು ಹೋದರೆ ಮರಿಗಳ ಲೆಕ್ಕಕ್ಕೂ ಪೆಟ್ಟು.

ಇನ್ನೊಂದು ತೊಡಕಿದೆ. ಬೆಳೆದ ಹೆಣ್ಣು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಕಳೆದ ಸಲದ ತಂಡ ಬಿಲ್ಲೆಯ ತುದಿಗೆ, ಈ ಸಲದ ತಂಡ ಕಚ್ಚಿಗೆ ಅಳೆದಿದ್ದರೆ ಆಮೆಗಳು ಕಾಗದದ ಮೇಲೆ ಕುಗ್ಗಿಬಿಡುತ್ತವೆ! ಒಂದೇ ಹೆಣ್ಣು ಒಂದು ಹಂಗಾಮಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡಬಹುದು ಎಂಬುದೂ ನೆನಪಿರಲಿ. ಟ್ಯಾಗ್ ಸಂಖ್ಯೆ ನೋಡಿ, ಒಂದು ಆಮೆಯನ್ನು ಒಮ್ಮೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಂಡುಗಳು ಮೊಟ್ಟೆಯ ತೀರಕ್ಕೆ ಹತ್ತುವುದಿಲ್ಲವಾದ್ದರಿಂದ ಇಲ್ಲಿ ಸಿಗುವುದೆಲ್ಲ ಹೆಣ್ಣುಗಳ ಕಥೆಯೇ.

ಪ್ರಶ್ನೆ: ಉದ್ದ ನೋಡಿ ವಯಸ್ಸು ಹೇಳಬಹುದೇ?
– ಓದುಗರು, ಕುಷ್ಟಗಿ

ಉತ್ತರ: ಇಲ್ಲ. ಒಂದೇ ವಯಸ್ಸಿನವು ಬೇರೆ ಬೇರೆ ಗಾತ್ರಕ್ಕೆ ಬೆಳೆದಿರುತ್ತವೆ. ಸತ್ತ ಆಮೆಯ ಮುಂಗಾಲಿನ ಮೂಳೆ ಕೊಯ್ದು ಬೆಳವಣಿಗೆಯ ಗೆರೆ ಎಣಿಸಿ ಅಂದಾಜು ಮಾಡುತ್ತಾರೆ.

ಪ್ರಶ್ನೆ: ಕಡಲು ನಮಗೆ ದೂರ. ತುಂಗಭದ್ರೆಯ ಆಮೆಗಳ ಮೇಲೆ ಅಭ್ಯಾಸ ಮಾಡಬಹುದೇ?
– ಪಿಯು ವಿದ್ಯಾರ್ಥಿಗಳು, ಕಂಪ್ಲಿ

ಉತ್ತರ: ಬೇಡ. ಹೊಳೆಯ ಮೃದುಚಿಪ್ಪಿನ ಆಮೆಗಳಿಗೂ ಕಾಯ್ದೆಯ ರಕ್ಷಣೆ ಇದೆ. ಮೇಲಾಗಿ ಅವುಗಳ ಚಿಪ್ಪಿಗೆ ಬಿಲ್ಲೆಗಳೇ ಇಲ್ಲ, ಅಂಚು ಮೆತ್ತಗೆ ಬಾಗುತ್ತದೆ, ಉದ್ದ ಕುತ್ತಿಗೆ ಹೊರಳಿಸಿ ಕಚ್ಚುತ್ತವೆ ಕೂಡ. ಅಭ್ಯಾಸಕ್ಕೆ ಗಾರೆ ಕಲಸುವ ಬಾಂಡ್ಲಿಯನ್ನು ಬೋರಲು ಹಾಕಿ, ಎರಡು ಕಡೆ ಸೀಮೆಸುಣ್ಣದ ಗುರುತು ಮಾಡಿ. ಐದು ಜನ, ಒಬ್ಬೊಬ್ಬರು ಮೂರು ಸಲ, ಒಬ್ಬರ ಅಳತೆ ಇನ್ನೊಬ್ಬರಿಗೆ ಕಾಣದಂತೆ ಬರೆಯಿರಿ. ನಿಮ್ಮದೇ ಮೂರು ಅಳತೆಗಳ ನಡುವೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಟೇಪು ನಡುಗೆರೆ ಬಿಟ್ಟು ಜಾರುತ್ತಿದೆ ಇಲ್ಲವೇ ಸಡಿಲವಾಗಿದೆ ಎಂದರ್ಥ. ಹಗಲಲ್ಲಿ ಕೈ ಕುದುರಿದ ಮೇಲೆ ರಾತ್ರಿ ಕೆಂಪು ಬೆಳಕಿನಲ್ಲಿ ಮತ್ತೆ ಮಾಡಿ. ಕೆಂಪು ಅಂಕಿಗಳಿರುವ ಟೇಪಿನಲ್ಲಿ ಆ ಅಂಕಿಗಳು ಮಾಯವಾಗುತ್ತವೆ, ಕಪ್ಪು ಅಂಕಿಗಳದ್ದನ್ನೇ ಕೊಳ್ಳಿ.